ಕೈಬಿಟ್ಟ ಫೋನನ್ನು ಕೈಹಿಡಿದವರು

ನಿಮ್ಮ ಮನೆಯ ಮೇಜಿನ ಖಾನೆಯಲ್ಲಿ ಹಳೆಯ ಮೊಬೈಲ್ ಫೋನೊಂದು ಮಲಗಿರಬಹುದು. ಅದರ ಪರದೆ ಒಡೆದಿಲ್ಲ, ಗುಂಡಿಗಳು ಸವೆದಿಲ್ಲ, ಹೊಸ ಬ್ಯಾಟರಿ ಹಾಕಿದರೆ ಜೀವವೂ ಬರುತ್ತದೆ. ಆದರೂ ಅದನ್ನು ಯಾರೂ ಬಳಸುತ್ತಿಲ್ಲ. ಏಕೆಂದರೆ ಅದರ ತಂತ್ರಾಂಶವನ್ನು ಪರಿಷ್ಕರಿಸುವುದನ್ನು ತಯಾರಕರು ಎಂದೋ ನಿಲ್ಲಿಸಿದ್ದಾರೆ. ಯಂತ್ರಾಂಶ ಗಟ್ಟಿಮುಟ್ಟಾಗಿರುವಾಗಲೇ ತಂತ್ರಾಂಶಕ್ಕೆ ಮುಪ್ಪು ಬರುವ ವಿಚಿತ್ರವಿದು. ಇಂಥ ಫೋನಿನ ತಂತ್ರಾಂಶವನ್ನು ಬಳಕೆದಾರರೇ ಪರಿಷ್ಕರಿಸಿಕೊಳ್ಳಲು ಸಾಧ್ಯವೇ? ಸಾಧ್ಯವೆಂದು ತೋರಿಸಿಕೊಟ್ಟ ಒಂದು ಫೋನಿನ ಚರಿತ್ರೆಯನ್ನು ಇಲ್ಲಿ ನೋಡೋಣ.

ಗಣಕವೇ ಫೋನಾದಾಗ

ಫಿನ್ಲೆಂಡಿನ ನೋಕಿಯಾ ಕಂಪನಿ 2005ರಲ್ಲಿ 770 ಎಂಬ ಪುಟ್ಟ ಸಾಧನವನ್ನು ಹೊರತಂದಿತು. ಅಂಗೈಯಲ್ಲಿ ಹಿಡಿದು ಅಂತರಜಾಲ ನೋಡಲು ಅದು ಅನುಕೂಲವಾಗಿತ್ತು. ಆದರೆ ಅದರಲ್ಲಿ ಫೋನ್ ಇರಲಿಲ್ಲ. 2007ರಲ್ಲಿ ಬಂದ ಎನ್800 ಮತ್ತು ಎನ್810 ಕೂಡ ಹಾಗೆಯೇ. ಇವೆಲ್ಲವೂ ಲಿನಕ್ಸ್ ಆಧಾರಿತ 'ಮೇಮೋ' ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುತ್ತಿದ್ದವು. 2009ರ ಕೊನೆಗೆ ಬಂದ ಎನ್900ದಲ್ಲಿ ಮೇಮೋದ ಐದನೆಯ ಆವೃತ್ತಿಯ ಜೊತೆಗೆ ಫೋನ್ ಕೂಡ ಸೇರಿತು.

ಎನ್900ದ ಸಂಸ್ಕಾರಕದ ವೇಗ 600 ಮೆಗಾಹರ್ಟ್ಸ್, ಸ್ಮೃತಿ 256 ಮೆಗಾಬೈಟ್, ಸಂಗ್ರಹ ಸಾಮರ್ಥ್ಯ 32 ಗಿಗಾಬೈಟ್. ಪರದೆಯನ್ನು ಪಕ್ಕಕ್ಕೆ ಸರಿಸಿದರೆ ಕೆಳಗೊಂದು ಕೀಲಿಮಣೆ ಕಾಣುತ್ತಿತ್ತು. ಇಂದಿನ ಲೆಕ್ಕದಲ್ಲಿ ಇದು ಬಡ ಯಂತ್ರ. ಆದರೆ ಅದರೊಳಗೆ ಇದ್ದದ್ದು ದೊಡ್ಡ ಗಣಕಗಳಲ್ಲಿ ನಡೆಯುವ ಡೆಬಿಯನ್ ಲಿನಕ್ಸ್‌ನ ನೇರ ಸಂತಾನ. ಟರ್ಮಿನಲ್ ತೆರೆದು ಆಜ್ಞೆಗಳನ್ನು ಕೊಡಬಹುದಿತ್ತು. ಒಂದು ಚಿಕ್ಕ ಪ್ಯಾಕೇಜನ್ನು ಸೇರಿಸಿಕೊಂಡರೆ 'ರೂಟ್', ಅಂದರೆ ಇಡೀ ಯಂತ್ರದ ಯಜಮಾನಿಕೆ, ಬಳಕೆದಾರನ ಕೈಗೆ ಬರುತ್ತಿತ್ತು. ಅದಕ್ಕಾಗಿ ಯಾವ ಬೀಗವನ್ನೂ ಒಡೆಯಬೇಕಿರಲಿಲ್ಲ.

ಪ್ಯಾಕೇಜು ಎಂದರೇನು?

ಮುಂದಿನ ಕಥೆಗೆ ಇದನ್ನು ತಿಳಿದಿರುವುದು ಅಗತ್ಯ. ಡೆಬಿಯನ್ ಯೋಜನೆ 1993ರಲ್ಲಿ ಶುರುವಾಯಿತು. ಅದರಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದು ಪೊಟ್ಟಣ. ಪೊಟ್ಟಣದೊಳಗೆ ಕಡತಗಳಿರುತ್ತವೆ, ಅದರ ಹೆಸರು, ಆವೃತ್ತಿ ಮತ್ತು ಅದು ಕೆಲಸ ಮಾಡಲು ಬೇಕಾದ ಇತರ ಪೊಟ್ಟಣಗಳ ಪಟ್ಟಿ ಇರುತ್ತದೆ, ಸ್ಥಾಪನೆಯ ವೇಳೆ ನಡೆಯಬೇಕಾದ ಆಜ್ಞೆಗಳೂ ಇರುತ್ತವೆ. 1999ರಲ್ಲಿ ಬಂದ ಡೆಬಿಯನ್ 2.1ರೊಂದಿಗೆ 'ಆಪ್ಟ್' ಎಂಬ ಸಾಧನ ಸೇರಿತು. ಅದು ಅಂತರಜಾಲದಲ್ಲಿರುವ ಭಂಡಾರವನ್ನು ನೋಡಿ, ಬೇಕಾದ ಪೊಟ್ಟಣಗಳನ್ನೂ ಅವುಗಳ ಅವಲಂಬನೆಗಳನ್ನೂ ತಾನೇ ತಂದು ಜೋಡಿಸುತ್ತದೆ.

ಎನ್900ದಲ್ಲೂ ಇದೇ ಏರ್ಪಾಡು. ಸಮುದಾಯದ ತಂತ್ರಾಂಶಗಳಿಗೆ 'ಎಕ್ಸ್‌ಟ್ರಾಸ್' ಎಂಬ ಭಂಡಾರವಿತ್ತು. ಅದಕ್ಕೆ ಮೂರು ಮೆಟ್ಟಿಲು: ಅಭಿವೃದ್ಧಿ, ಪರೀಕ್ಷೆ, ಬಿಡುಗಡೆ. ಹೊಸ ಪ್ಯಾಕೇಜು ಪರೀಕ್ಷೆಯ ಮೆಟ್ಟಿಲಲ್ಲಿ ಹತ್ತು ದಿನ ಕಾದು, ಬಳಸಿ ನೋಡಿದವರ ಒಪ್ಪಿಗೆಯ ಮತಗಳನ್ನು ಗಳಿಸಿದ ಮೇಲೆಯೇ ಎಲ್ಲರಿಗೂ ದೊರೆಯುತ್ತಿತ್ತು. ಅವಸರಗಾರರು ಅಭಿವೃದ್ಧಿ ಭಂಡಾರವನ್ನೇ ಫೋನಿಗೆ ಜೋಡಿಸಿ, ಸಿಕ್ಕಿದ್ದನ್ನೆಲ್ಲ ಪರಿಷ್ಕರಿಸಿ, ಫೋನ್ ಮತ್ತೆ ಏಳದಂತೆ ಮಾಡಿಕೊಂಡದ್ದೂ ಉಂಟು.

ಇನ್ನೊಂದು ತೊಡಕೂ ಇತ್ತು. ಮೂಲ ವ್ಯವಸ್ಥೆ ಇದ್ದದ್ದು 32 ಗಿಗಾಬೈಟಿನ ಸಂಗ್ರಹದಲ್ಲಲ್ಲ, 256 ಮೆಗಾಬೈಟಿನ ಬೇರೊಂದು ಚಿಪ್ಪಿನಲ್ಲಿ. ಅದು ತುಂಬಿಹೋದರೆ ಪರಿಷ್ಕರಣೆ ನಡುದಾರಿಯಲ್ಲೇ ನಿಲ್ಲುತ್ತಿತ್ತು. ಆದ್ದರಿಂದ ಪ್ಯಾಕೇಜು ತಯಾರಿಸುವವರು ದೊಡ್ಡ ಕಡತಗಳನ್ನು ದೊಡ್ಡ ಸಂಗ್ರಹಕ್ಕೆ ಸಾಗಿಸುವ ನಿಯಮವನ್ನು ಪಾಲಿಸಬೇಕಾಯಿತು.

ಕಂಪನಿ ದಾರಿ ಬದಲಿಸಿತು

2010ರ ಫೆಬ್ರವರಿಯಲ್ಲಿ ನೋಕಿಯಾ ಮತ್ತು ಇಂಟೆಲ್ ಕಂಪನಿಗಳು ತಮ್ಮ ಲಿನಕ್ಸ್ ವ್ಯವಸ್ಥೆಗಳನ್ನು ಬೆಸೆದು 'ಮೀಗೋ' ಕಟ್ಟುವುದಾಗಿ ಸಾರಿದವು. ಎನ್900 ಬಂದು ಕೆಲವೇ ತಿಂಗಳಾಗಿತ್ತು; ಅಷ್ಟರಲ್ಲೇ ಅದರ ವ್ಯವಸ್ಥೆ ಹಳತಾಯಿತು. ಅದೇ ಅಕ್ಟೋಬರಿನಲ್ಲಿ 1.3 ಎಂಬ ಪರಿಷ್ಕರಣೆ ಬಂತು. 2011ರಲ್ಲಿ ಒಂದು ಪುಟ್ಟ ತಿದ್ದುಪಡಿ ಬಂದದ್ದು ಬಿಟ್ಟರೆ ಅದೇ ಕೊನೆ. 2011ರ ಫೆಬ್ರವರಿಯಲ್ಲಿ ನೋಕಿಯಾ ಮೈಕ್ರೋಸಾಫ್ಟ್‌ನೊಂದಿಗೆ ಕೈಜೋಡಿಸಿ ವಿಂಡೋಸ್ ಫೋನಿನ ದಾರಿ ಹಿಡಿಯಿತು. 2014ರ ಏಪ್ರಿಲಿನಲ್ಲಿ ಅದರ ಫೋನ್ ವ್ಯಾಪಾರವೇ ಮೈಕ್ರೋಸಾಫ್ಟ್ ಪಾಲಾಯಿತು.

ಆದರೆ ಬಳಕೆದಾರರು ಸುಮ್ಮನೆ ಕೂರಲಿಲ್ಲ. ಗೊತ್ತಿರುವ ದೋಷಗಳಿದ್ದವು, ತಿದ್ದಬಲ್ಲ ಕೈಗಳಿದ್ದವು, ವ್ಯವಸ್ಥೆಯ ಬಹುಭಾಗದ ಆಕರ ಸಂಕೇತವೂ ಮುಕ್ತವಾಗಿತ್ತು. ಹೀಗೆ ಹುಟ್ಟಿದ್ದು 'ಕಮ್ಯುನಿಟಿ ಎಸ್‌ಎಸ್‌ಯು', ಅಂದರೆ ಕಂಪನಿಯ ಅಧಿಕೃತ ಪರಿಷ್ಕರಣೆಯ ಜಾಗದಲ್ಲಿ ನಿಲ್ಲುವ ಸಮುದಾಯದ ಪರಿಷ್ಕರಣೆ.

ಒಂದು ಪೊಟ್ಟಣ, ನೂರಾರು ಗಂಟು

ಇದು ಕೇಳಿದಷ್ಟು ಸುಲಭವಲ್ಲ. ಎನ್900ದಲ್ಲಿ ಒಂದು ಮೆಟಾಪ್ಯಾಕೇಜು ಇತ್ತು. ಅದರೊಳಗೆ ಯಾವ ತಂತ್ರಾಂಶವೂ ಇಲ್ಲ. ಇರುವುದು ಒಂದು ಪಟ್ಟಿ ಮಾತ್ರ. ಇಂಥ ಪ್ಯಾಕೇಜು ಇಂಥದೇ ಆವೃತ್ತಿಯಲ್ಲಿ ಇರಬೇಕೆಂದು ಆ ಪಟ್ಟಿ ಕಟ್ಟುಮಾಡುತ್ತಿತ್ತು. ವ್ಯವಸ್ಥೆಯ ಒಂದು ಭಾಗವನ್ನು ಬದಲಿಸಲು ಹೋದರೆ ಗಂಟು ಬಿಗಿಯುತ್ತಿತ್ತು. ಸಮುದಾಯದವರು ಆ ಪಟ್ಟಿಯ ಬದಲಿಗೆ ತಮ್ಮದೇ ಪಟ್ಟಿಯನ್ನು ಇಟ್ಟರು. ಆಮೇಲೆ ಒಂದೊಂದಾಗಿ ಪೊಟ್ಟಣಗಳನ್ನು ತಿದ್ದುತ್ತ ಹೋದರು. ಅಡ್ಡಲಾಗಿ ಮಾತ್ರ ನಿಲ್ಲುತ್ತಿದ್ದ ಮುಖಪರದೆ ಫೋನನ್ನು ನೆಟ್ಟಗೆ ಹಿಡಿದರೂ ಕಾಣುವಂತಾಯಿತು. ಗೋಪ್ಯ ಸಂಕೇತದ ಮೀಡಿಯಾ ಪ್ಲೇಯರ್‌ಗೆ ಬದಲಾಗಿ ಮುಕ್ತ ಸಂಕೇತದ್ದೊಂದನ್ನು ಹೊಸದಾಗಿ ಬರೆದರು.

ಇದರ ಅತ್ಯಂತ ಸಾಹಸದ ಶಾಖೆ 'ಥಂಬ್'. ಫೋನಿನ ಎಆರ್‌ಎಂ ಸಂಸ್ಕಾರಕಕ್ಕೆ ಸಾಮಾನ್ಯವಾಗಿ 32 ಬಿಟ್‌ಗಳ ಆದೇಶಗಳನ್ನು ಕೊಡುತ್ತಾರೆ. ಥಂಬ್ ವಿಧಾನದಲ್ಲಿ ಹಲವು ಆದೇಶಗಳು 16 ಬಿಟ್‌ಗಳಲ್ಲೇ ಮುಗಿಯುತ್ತವೆ. ಹಾಗಾಗಿ ತಂತ್ರಾಂಶದ ಗಾತ್ರ ಕುಗ್ಗುತ್ತದೆ, 256 ಮೆಗಾಬೈಟಿನ ಸ್ಮೃತಿಯಲ್ಲಿ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಈ ಸಂಸ್ಕಾರಕದಲ್ಲಿ 430973 ಎಂಬ ಸಂಖ್ಯೆಯಿಂದ ಗುರುತಿಸಲಾದ ಹುಟ್ಟುದೋಷವೊಂದಿತ್ತು. ಅದರಿಂದಾಗಿ ಥಂಬ್ ಆದೇಶಗಳು ನಡೆಯುವಾಗ ತಂತ್ರಾಂಶಗಳು ಕಾರಣ ತೋರದೆ ಕುಸಿಯುತ್ತಿದ್ದವು. ಆ ದೋಷವನ್ನು ಬಳಸಿ ದಾಟುವ ತಿದ್ದುಪಡಿಯುಳ್ಳ ಕರ್ನಲ್ ಅನ್ನು ಮೊದಲು ಹಾಕಿ, ನಂತರವೇ ಥಂಬ್ ಪ್ಯಾಕೇಜುಗಳನ್ನು ಹಾಕಬೇಕಿತ್ತು. ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು.

ನಂಬಿಕೆಯ ಪ್ರಶ್ನೆ

ಇಲ್ಲಿ ನೀವು ಒಂದು ಸಂಗತಿಯನ್ನು ಗಮನಿಸಬೇಕು. ಪ್ಯಾಕೇಜಿನ ಸ್ಥಾಪನಾ ಆಜ್ಞೆಗಳು ರೂಟ್ ಅಧಿಕಾರದಲ್ಲಿ ನಡೆಯುತ್ತವೆ. ಅಂದರೆ ಅಪರಿಚಿತ ಭಂಡಾರವೊಂದನ್ನು ನಿಮ್ಮ ಫೋನಿನ ಪಟ್ಟಿಗೆ ಸೇರಿಸುವುದೆಂದರೆ ಮನೆಯ ಬೀಗದ ಕೈಯನ್ನು ಅದರ ಒಡೆಯನಿಗೆ ಕೊಟ್ಟಂತೆ. ನಿಮ್ಮ ಸಂದೇಶ, ವಿಳಾಸ, ಗುಪ್ತಪದ ಎಲ್ಲವೂ ಅವನ ಕೈಗೆಟುಕುತ್ತವೆ. ಭಂಡಾರಕ್ಕೆ ಹಾಕುವ ಗೂಢಲಿಪಿ ಸಹಿ ಆ ಪೊಟ್ಟಣ ಯಾರಿಂದ ಬಂತೆಂದು ಹೇಳುತ್ತದೆ. ಅವರು ಒಳ್ಳೆಯವರೇ, ಜಾಣರೇ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ಇರುವ ದಾರಿ ಆಕರ ಸಂಕೇತ ಎಲ್ಲರಿಗೂ ಕಾಣುವಂತಿರುವುದು, ಹಲವರು ಪರೀಕ್ಷಿಸುವುದು ಮತ್ತು ತಪ್ಪುಗಳನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದು.

ಹಾಗೆಂದು ಹಳೆಯದರಲ್ಲೇ ಇರುವುದು ಕ್ಷೇಮವೆಂದೂ ಹೇಳಲಾಗದು. ಸುರಕ್ಷತಾ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ. ಜಾಲತಾಣಗಳೊಂದಿಗೆ ಗುಟ್ಟಾಗಿ ಮಾತಾಡಲು ಎನ್900 ಬಳಸುತ್ತಿದ್ದ ಟಿಎಲ್‌ಎಸ್ 1.0 ವಿಧಾನವನ್ನು 2020ರಲ್ಲಿ ಪ್ರಮುಖ ಬ್ರೌಸರ್‌ಗಳು ಕೈಬಿಟ್ಟವು. ತಿದ್ದದೆ ಬಿಟ್ಟ ತಂತ್ರಾಂಶವೂ ಅಪಾಯವೇ.

ಅನುಭವಿಗಳು ಕಲಿಸಿದ ಪಾಠಗಳು ಇಂದಿಗೂ ಸಲ್ಲುತ್ತವೆ. ಮೊದಲು ಫೋನಿನಲ್ಲಿರುವುದರ ಪ್ರತಿ ತೆಗೆದಿಡಿ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ. ಕೆಟ್ಟರೆ ಕೇಬಲಿನ ಮೂಲಕ ಮೂಲ ವ್ಯವಸ್ಥೆಯನ್ನು ಮರಳಿ ತುಂಬುವ ಸಾಧನ ಕೈಯಲ್ಲಿರಲಿ. ಯಾವ ಪ್ಯಾಕೇಜು ಬರುತ್ತದೆ, ಯಾವುದು ಅಳಿಯುತ್ತದೆ ಎಂಬ ಪಟ್ಟಿಯನ್ನು ಓದದೆ ಒಪ್ಪಿಗೆಯ ಗುಂಡಿ ಒತ್ತಬೇಡಿ.

ಎನ್900ದ ಕಥೆ ಇನ್ನೂ ಮುಗಿದಿಲ್ಲ. ನೋಕಿಯಾ ಹಿಂದೆ ಸರಿದ ಮೇಲೆ ಭಂಡಾರಗಳ ಪ್ರತಿಗಳನ್ನು ಸಮುದಾಯವೇ ಕಾಪಾಡಿತು. 'ಮೇಮೋ ಲೆಸ್ಟೆ' ಎಂಬ ಯೋಜನೆ, ಡೆಬಿಯನ್‌ನಿಂದ ಕವಲೊಡೆದ ಡೆವುವಾನ್‌ನ ಮೇಲೆ ಹಳೆಯ ಮೇಮೋದ ಮುಖವನ್ನು ಮತ್ತೆ ಕಟ್ಟಿತು; ಅದು ನಡೆಯುವ ಸಾಧನಗಳಲ್ಲಿ ಎನ್900 ಕೂಡ ಒಂದು. ಕಂಪನಿ ಕೊಟ್ಟ ಆಯುಸ್ಸು ಎರಡು ವರ್ಷವೂ ಇರಲಿಲ್ಲ. ಬಳಕೆದಾರರು ಅದನ್ನು ಹಲವು ಪಟ್ಟು ಹೆಚ್ಚಿಸಿದರು. ಅವರಿಗೆ ಇದು ಸಾಧ್ಯವಾದದ್ದು ಫೋನಿನ ಬಾಗಿಲು ಮೊದಲಿನಿಂದಲೂ ತೆರೆದಿದ್ದರಿಂದ. ಹೊಸ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತೇವೆ. ತಯಾರಕರು ಕೈಬಿಟ್ಟ ದಿನ ಇದನ್ನು ತೆರೆಯುವ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಕೇಳಿನೋಡಿ.