ಆಕಾಶದಲ್ಲಿ ಕೆಮ್ಮುತ್ತಿದ್ದ ಎಂಜಿನ್

ಇವತ್ತಿನ ಸಂಚಿಕೆ ಶುರುವಾಗೋದು 1940ರ ಬೇಸಿಗೆಯಲ್ಲಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನ ಮೇಲೆ. ಸ್ಪಿಟ್‌ಫೈರ್ ವಿಮಾನದಲ್ಲಿ ಒಬ್ಬ ಬ್ರಿಟಿಷ್ ಪೈಲಟ್ ಇದ್ದಾನೆ ಅಂದ್ಕೊಳ್ಳಿ. ವಯಸ್ಸು ಇಪ್ಪತ್ತೋ ಇಪ್ಪತ್ತೊಂದೋ. ಎದುರಿಗೆ ಜರ್ಮನಿಯ ಮೆಸ್ಸರ್‌ಸ್ಮಿಟ್ 109. ಇನ್ನೇನು ಗುರಿಗೆ ಸಿಕ್ಕಿತು ಅನ್ನುವಷ್ಟರಲ್ಲಿ ಆ ಜರ್ಮನ್ ವಿಮಾನ ಮೂತಿ ತಗ್ಗಿಸಿ ಸರ್ರನೆ ಕೆಳಗೆ ಧುಮುಕುತ್ತೆ. ಇವನೂ ಹಾಗೇ ಕಡ್ಡಿಯನ್ನು ಮುಂದಕ್ಕೆ ತಳ್ಳುತ್ತಾನೆ. ಆಗ ಇವನ ಎಂಜಿನ್ ಕೆಮ್ಮುತ್ತೆ, ಕಪ್ಪು ಹೊಗೆ ಬಿಡುತ್ತೆ, ಒಂದೆರಡು ಕ್ಷಣ ನಿಂತೇ ಹೋಗುತ್ತೆ. ಅಷ್ಟರಲ್ಲಿ ಶತ್ರು ಮಾಯ. ಇವನೇ ಮುಂದೆ ಇದ್ದು, ಜರ್ಮನ್ ಬೆನ್ನಟ್ಟಿ ಬಂದಿದ್ದರೆ? ಆ ಎರಡು ಕ್ಷಣ ಸಾಕು, ಜೀವ ಹೋಗೋಕೆ.

ಆ ಎಂಜಿನ್ ಹೆಸರು ಮರ್ಲಿನ್. ತಯಾರಿಸಿದ್ದು ರೋಲ್ಸ್ ರಾಯ್ಸ್. ಎರಡನೇ ಮಹಾಯುದ್ಧದ ಬಗ್ಗೆ ಸಿನಿಮಾ ನೋಡಿದವರಿಗೆ ಇದರ ಸದ್ದು ಗೊತ್ತಿರುತ್ತೆ. ಯುದ್ಧ ಗೆಲ್ಲಿಸಿದ ಎಂಜಿನ್ ಅಂತ ಇದನ್ನು ಹೊಗಳೋದು ಸುಲಭ. ಆದರೆ ನನಗೆ ಈ ಕಥೆಯಲ್ಲಿ ಇಷ್ಟ ಆಗೋದು ಬೇರೆ. ಮರ್ಲಿನ್ ಹುಟ್ಟುವಾಗಲೇ ಪರಿಪೂರ್ಣವಾಗಿರಲಿಲ್ಲ. ಅದರ ಒಂದೊಂದು ಕೊರತೆಯನ್ನೂ ಯಾರೋ ಒಬ್ಬರು ಹಟ ಹಿಡಿದು ಸರಿಮಾಡಬೇಕಾಯಿತು.

ಮೊದಲು ಮೂಲಕ್ಕೆ ಬರೋಣ. ನಿಮ್ಮ ಬೈಕಿನ ಜಾಹೀರಾತಿನಲ್ಲಿ ‘ಲಿಕ್ವಿಡ್ ಕೂಲ್ಡ್’ ಅಂತ ಓದಿರ್ತೀರಿ. ಎಂಜಿನ್ ಸುತ್ತ ದ್ರವ ಹರಿದು ಬಿಸಿಯನ್ನು ಹೀರಿಕೊಂಡು ರೇಡಿಯೇಟರ್‌ಗೆ ಒಯ್ಯುತ್ತೆ, ಅಲ್ಲಿ ಗಾಳಿಗೆ ತಣ್ಣಗಾಗಿ ವಾಪಸ್ ಬರುತ್ತೆ. ಮರ್ಲಿನ್‌ನಲ್ಲೂ ಅದೇ ತತ್ವ. 27 ಲೀಟರ್ ಸಾಮರ್ಥ್ಯ, ‘ವಿ’ ಆಕಾರದಲ್ಲಿ ಎರಡು ಸಾಲಾಗಿ 12 ಸಿಲಿಂಡರ್. ಅದು ಮೊದಲ ಬಾರಿ ಓಡಿದ್ದು 1933ರ ಅಕ್ಟೋಬರ್‌ನಲ್ಲಿ. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಹೆನ್ರಿ ರಾಯ್ಸ್ ಅದೇ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು, ಅದರ ಸದ್ದು ಕೇಳಲಿಲ್ಲ. ಮರ್ಲಿನ್ ಅಂದರೆ ಕಥೆಗಳಲ್ಲಿ ಬರುವ ಮಾಂತ್ರಿಕ ಅಲ್ಲ, ಒಂದು ಜಾತಿಯ ಪುಟ್ಟ ಡೇಗೆ ಹಕ್ಕಿ.

ಗಾಳಿಯಿಂದಲೇ ತಣ್ಣಗಾಗುವ ಎಂಜಿನ್‌ಗಳೂ ಆಗ ಇದ್ದವು. ಅವುಗಳ ಸಿಲಿಂಡರ್‌ಗಳು ಹೂವಿನ ಎಸಳುಗಳ ಹಾಗೆ ಸುತ್ತಲೂ ಇರ್ತಿದ್ದವು, ಹಾಗಾಗಿ ವಿಮಾನದ ಮೂತಿ ದಪ್ಪ. ದ್ರವದಿಂದ ತಂಪಾಗುವ ಎಂಜಿನ್‌ನಲ್ಲಿ ಸಿಲಿಂಡರ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಬಹುದು, ಮೂತಿ ಚೂಪಾಗುತ್ತೆ, ಗಾಳಿಯನ್ನು ಸುಲಭವಾಗಿ ಸೀಳುತ್ತೆ. ದ್ರವವಾಗಿ ಮೊದಲು ಬಳಸಿದ್ದು ಎಥಿಲೀನ್ ಗ್ಲೈಕಾಲ್. ನೀರು 100 ಡಿಗ್ರಿಗೆ ಕುದಿಯುತ್ತೆ, ಗ್ಲೈಕಾಲ್ ಸುಮಾರು 197ಕ್ಕೆ. ಅಂದರೆ ಎಂಜಿನ್ ಹೆಚ್ಚು ಬಿಸಿಯಲ್ಲಿ ಓಡಬಹುದು, ರೇಡಿಯೇಟರ್ ಚಿಕ್ಕದಾದರೂ ಸಾಕು. ಆದರೆ ಬರೀ ಗ್ಲೈಕಾಲ್ ಸೋರುತ್ತಿತ್ತು, ಬೆಂಕಿಯ ಭಯವೂ ಇತ್ತು. ಕೊನೆಗೆ 70 ಪಾಲು ನೀರಿಗೆ 30 ಪಾಲು ಗ್ಲೈಕಾಲ್ ಬೆರೆಸಿ, ಒತ್ತಡದಲ್ಲಿಟ್ಟು ಹರಿಸೋ ವ್ಯವಸ್ಥೆ ಬಂತು. ಇಷ್ಟಾದರೂ ಒಂದು ಅಪಾಯ ಹೋಗಲೇ ಇಲ್ಲ. ರೇಡಿಯೇಟರ್‌ಗೆ ಒಂದು ಗುಂಡು ಬಿದ್ದರೆ ದ್ರವ ಎಲ್ಲಾ ಸೋರಿ, ಕೆಲವೇ ನಿಮಿಷದಲ್ಲಿ ಎಂಜಿನ್ ಕಚ್ಚಿಕೊಂಡು ನಿಲ್ಲುತ್ತಿತ್ತು.

ಸರಿ, ಆ ಕೆಮ್ಮು ಯಾಕೆ? ಜರ್ಮನ್ನರ ಡೈಮ್ಲರ್ ಬೆಂಝ್ ಎಂಜಿನ್‌ನಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರ್‌ಗೇ ಚಿಮ್ಮಿಸೋ ಪದ್ಧತಿ ಇತ್ತು. ವಿಮಾನ ತಲೆಕೆಳಗಾದರೂ ಅದಕ್ಕೆ ಚಿಂತೆ ಇಲ್ಲ. ಮರ್ಲಿನ್‌ನಲ್ಲಿ ಇದ್ದದ್ದು ಕಾರ್ಬುರೇಟರ್. ನಮ್ಮ ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೆನಪು ಮಾಡ್ಕೊಳ್ಳಿ. ತೇಲುವ ಚೆಂಡು ಮೇಲೆ ಬಂದರೆ ನೀರು ಬಂದ್, ಕೆಳಗೆ ಹೋದರೆ ಚಾಲೂ. ಕಾರ್ಬುರೇಟರ್ ಒಳಗೂ ಅಂಥದ್ದೇ ಫ್ಲೋಟ್. ವಿಮಾನ ದಿಢೀರನೆ ಕೆಳಗೆ ಬಾಗಿದಾಗ ಪೆಟ್ರೋಲ್ ಎಲ್ಲಾ ಮೇಲಿನ ಗೋಡೆಗೆ ಹಾರುತ್ತೆ. ಮೊದಲು ಎಂಜಿನ್‌ಗೆ ಇಂಧನವೇ ಸಿಗಲ್ಲ, ಅದೇ ಮೊದಲ ಕೆಮ್ಮು. ಆಮೇಲೆ ಫ್ಲೋಟ್ ಲೆಕ್ಕ ತಪ್ಪಿ ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತೆ, ಪಂಪ್ ಸಿಕ್ಕಾಪಟ್ಟೆ ಪೆಟ್ರೋಲ್ ತಳ್ಳುತ್ತೆ, ಎಂಜಿನ್ ಅದರಲ್ಲಿ ಮುಳುಗುತ್ತೆ. ಕಪ್ಪು ಹೊಗೆ ಬರ್ತಿದ್ದದ್ದು ಅದಕ್ಕೇ.

ಹಾಗಾದರೆ ರೋಲ್ಸ್ ರಾಯ್ಸ್ ಎಂಜಿನಿಯರ್‌ಗಳು ದಡ್ಡರಾ? ಅಲ್ಲ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಆವಿಯಾಗುವಾಗ ಒಳಗೆ ಹೋಗೋ ಗಾಳಿ ತಣ್ಣಗಾಗುತ್ತೆ, ತಣ್ಣನೆ ಗಾಳಿ ಹೆಚ್ಚು ಸಾಂದ್ರ, ಅದರಿಂದ ಹೆಚ್ಚು ಶಕ್ತಿ. ಇದು ತಿಳಿದೇ ಮಾಡಿಕೊಂಡ ಆಯ್ಕೆ. ಆದರೆ ಮೇಜಿನ ಮೇಲೆ ಮಾಡಿದ ಆ ಲೆಕ್ಕದ ಬೆಲೆ ತೆತ್ತವರು ಆಕಾಶದಲ್ಲಿದ್ದ ಹುಡುಗರು. ಅವರೇ ಒಂದು ಉಪಾಯವನ್ನೂ ಕಂಡುಕೊಂಡಿದ್ದರು: ಮೊದಲು ವಿಮಾನವನ್ನು ಮಗುಚಿ, ಆಮೇಲೆ ಧುಮುಕೋದು. ಎಂಜಿನ್ ನಿಲ್ಲುತ್ತಿರಲಿಲ್ಲ, ಆದರೆ ಸಮಯ ಹೋಗ್ತಿತ್ತು.

ಇಲ್ಲಿ ಬರ್ತಾರೆ ಬಿಯಾಟ್ರಿಸ್ ಶಿಲ್ಲಿಂಗ್. 1909ರಲ್ಲಿ ಹುಟ್ಟಿದವರು, ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿ ಎಂಜಿನಿಯರ್. ಜೊತೆಗೆ ಬೈಕ್ ರೇಸರ್! 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ಗಂಟೆಗೆ 100 ಮೈಲಿಗಿಂತ ಹೆಚ್ಚು ವೇಗದಲ್ಲಿ ಸುತ್ತು ಹೊಡೆದು ಗೋಲ್ಡ್ ಸ್ಟಾರ್ ಗೆದ್ದಿದ್ದರು. ಎಂಜಿನ್ ಅವರಿಗೆ ಪುಸ್ತಕದಲ್ಲಿ ಓದಿದ ವಿಷಯ ಮಾತ್ರ ಆಗಿರಲಿಲ್ಲ, ಕೈಗೆ ಗ್ರೀಸ್ ಹತ್ತಿಸಿಕೊಂಡು ಕಲಿತದ್ದು.

ಅವರು ಕೊಟ್ಟ ಪರಿಹಾರ ಕೇಳಿದರೆ ನಗು ಬರುತ್ತೆ. ಇಂಧನದ ಕೊಳವೆಯಲ್ಲಿ ತೂತಿರುವ ಒಂದು ಚಿಕ್ಕ ಹಿತ್ತಾಳೆ ತುಂಡು. ಆಮೇಲೆ ಅದೂ ಬೇಡ, ಬರೀ ಒಂದು ವಾಷರ್. ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುವಾಗ ಎಷ್ಟು ಇಂಧನ ಬೇಕೋ ಅಷ್ಟೇ ಹೋಗುವಂತೆ ಆ ತೂತಿನ ಅಳತೆ. ಈಗ ಫ್ಲೋಟ್ ಲೆಕ್ಕ ತಪ್ಪಿದರೂ ಎಂಜಿನ್ ಮುಳುಗಲ್ಲ. ಮೊದಲ ಚಿಕ್ಕ ಕೆಮ್ಮು ಉಳಿಯಿತು, ಎಂಜಿನ್ ನಿಲ್ಲಿಸುತ್ತಿದ್ದ ದೊಡ್ಡ ಕೆಮ್ಮು ಹೋಯಿತು. ಮುಖ್ಯ ವಿಷಯ ಏನಂದ್ರೆ, ವಿಮಾನದಿಂದ ಎಂಜಿನ್ ಕೆಳಗಿಳಿಸದೆಯೇ ಅದನ್ನು ಹಾಕಬಹುದಿತ್ತು. 1941ರ ಮಾರ್ಚ್ ಹೊತ್ತಿಗೆ ಶಿಲ್ಲಿಂಗ್ ಚಿಕ್ಕ ತಂಡ ಕಟ್ಟಿಕೊಂಡು ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಇದನ್ನು ಹಾಕಿಸಿದರು. 1943ರಲ್ಲಿ ಹೊಸ ಬಗೆಯ ಕಾರ್ಬುರೇಟರ್ ಬರುವ ತನಕ ಕೆಲಸ ನಡೆಸಿದ್ದು ಈ ವಾಷರೇ. ಒಂದು ಮಾತು ನೆನಪಿಡಿ: 1940ರ ಪ್ರಸಿದ್ಧ ‘ಬ್ಯಾಟಲ್ ಆಫ್ ಬ್ರಿಟನ್’ ಮುಗಿದ ಮೇಲೆ ಇದು ಬಂದದ್ದು. ಆ ಕದನವನ್ನು ಪೈಲಟ್‌ಗಳು ಕೆಮ್ಮುವ ಎಂಜಿನ್ ಇಟ್ಟುಕೊಂಡೇ ಆಡಿದ್ದರು.

ಮುಂದಿನ ಸಂಕಟ ಎತ್ತರದ್ದು. 6,000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ನೆಲಮಟ್ಟದ ಅರ್ಧದಷ್ಟು. ಎಂಜಿನ್‌ಗೂ ಏದುಸಿರು. ಗಾಳಿಯನ್ನು ಒತ್ತಿ ಒಳಗೆ ತುಂಬುವ ಫ್ಯಾನ್‌ನಂಥ ಸಾಧನವೇ ಸೂಪರ್‌ಚಾರ್ಜರ್. 1938ರಲ್ಲಿ ರೋಲ್ಸ್ ರಾಯ್ಸ್ ಸೇರಿದ ಸ್ಟ್ಯಾನ್ಲಿ ಹೂಕರ್ ಗಣಿತದವರು. ಸೂಪರ್‌ಚಾರ್ಜರ್ ಮೇಲೆ ಕೂತು ಲೆಕ್ಕ ಹಾಕಿ ಅದನ್ನು ಸುಧಾರಿಸಿದರು. 1941ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫೋಕೆ ವುಲ್ಫ್ 190 ಆಕಾಶಕ್ಕೆ ಬಂದಾಗ ಆಗಿನ ಸ್ಪಿಟ್‌ಫೈರ್‌ಗಳು ಮಂಕಾದವು. ತಮಾಷೆ ಅಂದ್ರೆ ಅದರಲ್ಲಿದ್ದದ್ದು ಗಾಳಿಯಿಂದ ತಂಪಾಗುವ ದಪ್ಪ ಮೂತಿಯ ಎಂಜಿನ್! ಉತ್ತರವಾಗಿ 1942ರಲ್ಲಿ ಮರ್ಲಿನ್ 61 ಬಂತು. ಒಂದರ ಹಿಂದೆ ಒಂದು, ಎರಡು ಹಂತದಲ್ಲಿ ಗಾಳಿಯನ್ನು ಒತ್ತುವ ಸೂಪರ್‌ಚಾರ್ಜರ್. ಒತ್ತಿದ ಗಾಳಿ ಬಿಸಿಯಾಗುತ್ತಲ್ಲ, ಅದನ್ನು ತಣಿಸೋಕೂ ದ್ರವವನ್ನೇ ಬಳಸಿದರು. 1940ರಲ್ಲಿ ಸುಮಾರು 1,000 ಅಶ್ವಶಕ್ತಿ ಕೊಡುತ್ತಿದ್ದ ಅದೇ 27 ಲೀಟರ್ ಎಂಜಿನ್, ಯುದ್ಧದ ಕೊನೆಗೆ 2,000ದ ಹತ್ತಿರ ಬಂದಿತ್ತು.

ಇದನ್ನೆಲ್ಲ ತಯಾರಿಸಿದವರು ಯಾರು? ಹೂಕರ್ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳ್ತಾರೆ. ಮರ್ಲಿನ್ ತಯಾರಿಸಬೇಕಿದ್ದ ಫೋರ್ಡ್ ಕಂಪನಿಯವರು, ನಿಮ್ಮ ನಕ್ಷೆ ನೋಡಿ ನಾವು ಮಾಡೋಕಾಗಲ್ಲ ಅಂದರಂತೆ. ಅಷ್ಟು ನಿಖರತೆ ನಿಮ್ಮಿಂದ ಆಗಲ್ವಾ ಅಂತ ಕೇಳಿದರೆ, ಅಲ್ಲ ಸ್ವಾಮಿ, ನಿಮ್ಮ ಅಳತೆಗಳೇ ತುಂಬಾ ಸಡಿಲ, ನಾವು ಕಾರಿಗೇ ಇದಕ್ಕಿಂತ ನಿಖರವಾಗಿ ಮಾಡ್ತೀವಿ ಅಂದರಂತೆ! ರೋಲ್ಸ್ ರಾಯ್ಸ್‌ನಲ್ಲಿ ನುರಿತ ಕೆಲಸಗಾರರು ಒಂದೊಂದನ್ನೂ ಕೈಯಿಂದ ಹೊಂದಿಸುತ್ತಿದ್ದರು. ಸಾವಿರಗಟ್ಟಲೆ ಬೇಕಾದಾಗ ಅದು ನಡೆಯಲ್ಲ. ಮ್ಯಾಂಚೆಸ್ಟರ್‌ನ ಆ ಫೋರ್ಡ್ ಕಾರ್ಖಾನೆ 30,000ಕ್ಕೂ ಹೆಚ್ಚು, ಅಮೆರಿಕದ ಪ್ಯಾಕರ್ಡ್ 55,000ಕ್ಕೂ ಹೆಚ್ಚು ಮರ್ಲಿನ್ ಮಾಡಿದವು.

ಗ್ಲಾಸ್ಗೋ ಹತ್ತಿರದ ಹಿಲ್ಲಿಂಗ್‌ಟನ್ ಕಾರ್ಖಾನೆಯಲ್ಲಿ ಸಾವಿರಾರು ಹೆಂಗಸರು ದುಡೀತಿದ್ದರು. ಗಂಡಸು ಮಾಡೋ ಅದೇ ಕೆಲಸ, ಕೈಗೆ ಸಿಗೋದು ಕಡಿಮೆ ಕೂಲಿ. 1943ರಲ್ಲಿ, ಯುದ್ಧದ ನಡುವೆಯೇ, ಸಮಾನ ವೇತನ ಕೇಳಿ ಮುಷ್ಕರ ಹೂಡಿದರು. ಯುದ್ಧದ ಟೈಮಲ್ಲಿ ಮುಷ್ಕರವಾ ಅಂತ ಬೈದವರು ಇದ್ದರು. ಅವರ ಪ್ರಶ್ನೆ ನೇರವಾಗಿತ್ತು: ಯಂತ್ರಕ್ಕೆ ಗಂಡು ಹೆಣ್ಣು ಅನ್ನೋ ಭೇದ ಇಲ್ಲ, ಕೂಲಿಗೆ ಯಾಕೆ?

ಕೊನೆಯ ತಿರುವು ಮಸ್ಟಾಂಗ್. ಈ ಅಮೆರಿಕನ್ ವಿಮಾನ ಕೆಳಮಟ್ಟದಲ್ಲಿ ಚೆನ್ನಾಗಿತ್ತು, ಎತ್ತರಕ್ಕೆ ಹೋದರೆ ಅದರ ಆಲಿಸನ್ ಎಂಜಿನ್ ಸೋಲುತ್ತಿತ್ತು. 1942ರ ಏಪ್ರಿಲ್‌ನಲ್ಲಿ ರೋಲ್ಸ್ ರಾಯ್ಸ್‌ನ ಪರೀಕ್ಷಾ ಪೈಲಟ್ ರೊನಾಲ್ಡ್ ಹಾರ್ಕರ್ ಅದನ್ನು ಹಾರಿಸಿ ನೋಡಿ, ಇದಕ್ಕೆ ಮರ್ಲಿನ್ 61 ಕೂರಿಸಿ ಅಂದರು. ವೇಗ ಗಂಟೆಗೆ 700 ಕಿಲೋಮೀಟರ್ ದಾಟಿತು. ಇದರ ಅಗತ್ಯ ಎಷ್ಟಿತ್ತು ಅಂತ ತಿಳಿಯೋಕೆ ಒಂದು ದಿನ ಸಾಕು. 1943ರ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫರ್ಟ್ ಮೇಲೆ ಹೋದ 291 ಅಮೆರಿಕನ್ ಬಾಂಬರ್‌ಗಳಲ್ಲಿ 60 ವಾಪಸ್ ಬರಲಿಲ್ಲ. ಒಂದೊಂದರಲ್ಲಿ ಹತ್ತು ಜನ. ಅಷ್ಟು ದೂರ ಕಾವಲಿಗೆ ಹೋಗುವ ಫೈಟರ್ ಆಗ ಇರಲಿಲ್ಲ. 1944ರ ಮಾರ್ಚ್‌ನಲ್ಲಿ ಮಸ್ಟಾಂಗ್‌ಗಳು ಬರ್ಲಿನ್ ತನಕ ಜೊತೆಗೆ ಹೋದವು. ಅದೇ ವರ್ಷ ಇಂಫಾಲ್‌ನಲ್ಲಿ ಅರ್ಜನ್ ಸಿಂಗ್ ನೇತೃತ್ವದ ಭಾರತೀಯ ಸ್ಕ್ವಾಡ್ರನ್ ಹಾರಿಸುತ್ತಿದ್ದ ಹರಿಕೇನ್‌ಗಳಲ್ಲೂ ಇದ್ದದ್ದು ಮರ್ಲಿನ್ನೇ.

ಯುದ್ಧ ಮುಗಿಯುವ ಹೊತ್ತಿಗೆ ಜೆಟ್ ಬಂತು, ಇಂಥ ಎಂಜಿನ್‌ಗಳ ಕಾಲ ಮುಗಿಯಿತು. ಮ್ಯೂಸಿಯಂಗಳಲ್ಲಿ ಸ್ಪಿಟ್‌ಫೈರ್ ಈಗಲೂ ಹೊಳೀತಾ ನಿಂತಿರುತ್ತೆ, ಪಕ್ಕದಲ್ಲಿ ಪೈಲಟ್‌ಗಳ ಫೋಟೋ ಇರುತ್ತೆ. ಎಂಜಿನ್ ಒಳಗಿನ ವಾಷರ್ ಮಾತ್ರ ಹೊರಗಿನಿಂದ ಕಾಣಲ್ಲ. ಮುಂದೆ ಎಲ್ಲಾದರೂ ಆ ವಿಮಾನ ನೋಡಿದರೆ ಶಿಲ್ಲಿಂಗ್ ಅವರನ್ನು ಒಮ್ಮೆ ನೆನಪಿಸಿಕೊಳ್ಳಿ, ಹಿಲ್ಲಿಂಗ್‌ಟನ್‌ನ ಹೆಂಗಸರನ್ನೂ.