ಮೆಕ್ಕೆಜೋಳದ ಲೇಪ ಮತ್ತು ಕರಿದ ಕೋಳಿ: ಅಮೆರಿಕದ ದಕ್ಷಿಣ ರಾಜ್ಯಗಳ ಒಂದು ಅಡುಗೆಯ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳ ಆಹಾರ ಪದ್ಧತಿಯನ್ನು ಕುರಿತ ಬರವಣಿಗೆಯಲ್ಲಿ ಬಾಣಲೆಯಲ್ಲಿ ಕರಿದ ಕೋಳಿಗೆ ವಿಶೇಷ ಸ್ಥಾನವಿದೆ. ಆದರೆ ಅದರ ಚರಿತ್ರೆಯನ್ನು ಮುದ್ರಿತ ಪಾಕಗ್ರಂಥಗಳಿಂದ ಮಾತ್ರವೇ ಕಟ್ಟಿದಾಗ ಬೇಯಿಸಿದವರು ಮರೆಯಾಗುತ್ತಾರೆ. ಕೋಳಿಗೆ ಹಚ್ಚಿದ ಹಿಟ್ಟು ಯಾವ ಧಾನ್ಯದ್ದು ಎಂಬ ಸಣ್ಣ ಪ್ರಶ್ನೆಯಿಂದ ಹೊರಟರೆ ಈ ಕೊರತೆ ಸ್ಪಷ್ಟವಾಗುತ್ತದೆ.

1824ರಲ್ಲಿ ಪ್ರಕಟವಾದ ಮೇರಿ ರ್‍ಯಾಂಡಾಲ್ಫ್ ಅವರ ‘ದಿ ವರ್ಜೀನಿಯಾ ಹೌಸ್‌ವೈಫ್’ ಗ್ರಂಥದಲ್ಲಿ ಕರಿದ ಕೋಳಿಯ ವಿಧಾನವಿದೆ. ತುಂಡುಗಳಿಗೆ ಹಿಟ್ಟು ಹಚ್ಚಿ, ಉಪ್ಪು ಉದುರಿಸಿ, ಕಾದ ಹಂದಿಕೊಬ್ಬಿನಲ್ಲಿ ಹೊಂಬಣ್ಣ ಬರುವವರೆಗೆ ಕರಿಯಬೇಕೆಂಬುದು ಅದರ ಸಾರ. ಇಲ್ಲಿನ ಹಿಟ್ಟು ಗೋಧಿಯದು. ಗೋಧಿ ಉಳ್ಳವರ ಮನೆಯ ಧಾನ್ಯ. ರ್‍ಯಾಂಡಾಲ್ಫ್ ಅವರಂಥವರ ಅಡುಗೆಮನೆಯಲ್ಲಿ ದುಡಿಯುತ್ತಿದ್ದವರು ಗುಲಾಮರೆಂಬುದನ್ನು ಗ್ರಂಥ ಹೇಳುವುದಿಲ್ಲ.

ಆ ದುಡಿಯುವವರ ಪಾಲಿನ ಧಾನ್ಯ ಮೆಕ್ಕೆಜೋಳ. ಫ್ರೆಡರಿಕ್ ಡಗ್ಲಸ್ 1845ರ ತಮ್ಮ ಆತ್ಮಕಥನದಲ್ಲಿ ಮೇರಿಲ್ಯಾಂಡಿನ ತೋಟವೊಂದರ ಪಡಿಯನ್ನು ದಾಖಲಿಸಿದ್ದಾರೆ: ವಯಸ್ಕನಿಗೆ ತಿಂಗಳಿಗೆ 8 ಪೌಂಡು ಹಂದಿಮಾಂಸ ಅಥವಾ ಅದಕ್ಕೆ ಸಮನಾದ ಮೀನು, ಒಂದು ಬುಷೆಲ್ ಮೆಕ್ಕೆಜೋಳದ ಹಿಟ್ಟು. ಬುಷೆಲ್ ಎಂದರೆ ಸುಮಾರು 35 ಲೀಟರಿನ ಅಳತೆ. ರೊಟ್ಟಿ, ಗಂಜಿ, ಮೀನಿಗೆ ಹಚ್ಚುವ ಲೇಪ, ಎಲ್ಲಕ್ಕೂ ಈ ಹಿಟ್ಟೇ ಆಧಾರ. ಮೀನಿಗೂ ಬೆಂಡೆಗೂ ಹೆಚ್ಚಾಗಿ ಬಳಕೆಯಲ್ಲಿದ್ದ ಈ ಲೇಪವನ್ನು ಕೋಳಿಗೂ ಹಚ್ಚುವುದು ಅಡುಗೆಮನೆಯ ರೂಢಿಯೇ ಹೊರತು ಗ್ರಂಥಸ್ಥ ವಿಧಿಯಲ್ಲ.

ಕೋಳಿಯೇ ಏಕೆ ಎಂಬುದಕ್ಕೆ ಕಾನೂನಿನ ಹಿನ್ನೆಲೆಯೂ ಉಂಟು. ವರ್ಜೀನಿಯಾದ 1692ರ ಶಾಸನವು ಗುಲಾಮರ ಕುದುರೆ, ದನ, ಹಂದಿಗಳನ್ನು ಅವರಿಂದ ಕಸಿದುಕೊಂಡಿತು. ಆ ಪಟ್ಟಿಯಲ್ಲಿ ಕೋಳಿ ಇರಲಿಲ್ಲ. 1798ರಲ್ಲಿ ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ನಿಗೆ ಬಂದ ಪೋಲೆಂಡಿನ ಬರಹಗಾರ ನೀಮ್ಚೆವಿಚ್, ಅಲ್ಲಿನ ಗುಲಾಮರಿಗೆ ಬಾತು, ಹಂದಿಗಳನ್ನು ಸಾಕುವ ಅವಕಾಶವಿರದೆ ಕೋಳಿಗೆ ಮಾತ್ರ ಇದ್ದುದನ್ನು ಗುರುತಿಸಿದ್ದಾನೆ. ಹೀಗೆ ಒಡೆಯನು ಅಲ್ಪವೆಂದು ಬಿಟ್ಟ ಹಕ್ಕಿ ದುಡಿಯುವವರ ಪಾಲಿಗೆ ಕೈಕಾಸಿನ ಮೂಲವಾಯಿತು.

ವಿಧಾನದ ವಿಚಾರದಲ್ಲಿ ಎರಡು ಹಿಟ್ಟುಗಳ ಗುಣಭೇದ ಗಮನಾರ್ಹ. ಗೋಧಿಹಿಟ್ಟಿನ ಅಂಟು ಮೆಕ್ಕೆಜೋಳಕ್ಕಿಲ್ಲ. ಆದ್ದರಿಂದ ಒಣ ತುಂಡಿಗೆ ಅದರ ತರಿ ನಿಲ್ಲದು. ಮಜ್ಜಿಗೆಯಲ್ಲಿ ನೆನೆಸಬೇಕು, ಇಲ್ಲವೇ ಮೊಟ್ಟೆಯಲ್ಲಿ ಅದ್ದಬೇಕು. ಅನೇಕರು ತುಸು ಗೋಧಿಹಿಟ್ಟನ್ನೂ ಬೆರೆಸುವರು. ಲೇಪ ಹಚ್ಚಿದ ತುಂಡುಗಳನ್ನು ಕೆಲಹೊತ್ತು ಹಾಗೆಯೇ ಬಿಟ್ಟರೆ ತರಿಯು ತೇವವನ್ನು ಹೀರಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎರಕದ ಕಬ್ಬಿಣದ ದಪ್ಪ ಬಾಣಲೆಯಲ್ಲಿ ತುಂಡಿನ ಅರ್ಧದವರೆಗೆ ಬರುವಷ್ಟು ಕೊಬ್ಬನ್ನು ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಒಂದು ಮಗ್ಗುಲು ಬೆಂದ ಮೇಲೆ ತಿರುವಿಹಾಕುತ್ತಾರೆ. ಒಮ್ಮೆಗೇ ಹೆಚ್ಚು ತುಂಡುಗಳನ್ನು ತುಂಬಿದರೆ ಕೊಬ್ಬಿನ ಕಾವು ಇಳಿದು ಲೇಪ ಎಣ್ಣೆ ಕುಡಿಯುತ್ತದೆ. ತರಿಯೊಳಗಿನ ನೀರು ಆವಿಯಾಗಿ ಹೋದಂತೆ ಹೊರಪದರ ಗರಿಗರಿಯಾಗುತ್ತದೆ. ಕನ್ನಡ ಕರಾವಳಿಯಲ್ಲಿ ರವೆ ಹಚ್ಚಿ ಕರಿಯುವ ಮೀನಿನ ಗರಿಯನ್ನು ಬಲ್ಲವರಿಗೆ ಇದು ಹೊಸತೆನಿಸದು. ಎರಡಕ್ಕೂ ಸಂಬಂಧವಿಲ್ಲ, ಆದರೆ ತರಿಯ ಗುಣ ಒಂದೇ.

ಅಂತರ್ಯುದ್ಧದ ತರುವಾಯ ವರ್ಜೀನಿಯಾದ ಗಾರ್ಡನ್ಸ್‌ವಿಲ್ ರೈಲು ನಿಲ್ದಾಣದಲ್ಲಿ ಕಪ್ಪು ಮಹಿಳೆಯರು ಕರಿದ ಕೋಳಿಯ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಬೋಗಿಗಳ ಕಿಟಕಿಗಳಲ್ಲಿ ಮಾರಿದರು. ಸೈಕಿ ವಿಲಿಯಮ್ಸ್-ಫಾರ್ಸನ್ ಅವರ 2006ರ ಅಧ್ಯಯನವು ಈ ವ್ಯಾಪಾರವನ್ನು ಆ ಮಹಿಳೆಯರ ಸ್ವಾವಲಂಬನೆಯ ಚರಿತ್ರೆಯಾಗಿ ಓದಿದೆ. ಈ ಓದು ಸಮರ್ಪಕವೇ ಆಗಿದೆ. ಗುಲಾಮಗಿರಿಯಲ್ಲಿ ಹುಟ್ಟಿದ ಅಬಿ ಫಿಶರ್ ಅವರ ಪಾಕಗ್ರಂಥ 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾಯಿತು. ಓದುಬರಹ ಬಾರದ ಅವರು ಅದನ್ನು ಬಾಯಿಮಾತಿನಲ್ಲಿ ಹೇಳಿ ಬರೆಸಿದರು.