ಹೊರಗೊಂದು ಬೋರ್ಡು, ಒಳಗೊಂದು ಕತೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಕೇಳಿದ, "ಅಣ್ಣಾ, ಬೆಂಗಳೂರಾಗ ಈ ಅಡ್ವಟೈಸ್‌ಮೆಂಟ್ ಲೈನಿನಾಗ ಹೋಗ್ಬೇಕಂದ್ರ ಏನ್ ಓದ್ಬೇಕು?"

ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು. ನನಗೇನು ಗೊತ್ತು? ಆದರೆ ಬೆಂಗಳೂರಿನಲ್ಲಿ ಇರುವವನಿಗೆ ಎಲ್ಲಾ ಗೊತ್ತಿರುತ್ತದೆ ಅನ್ನೋದು ನಮ್ಮ ಕಡೆಯವರ ಗಟ್ಟಿ ನಂಬಿಕೆ. "ತಡಿ, ನೋಡಿ ಹೇಳ್ತೀನಿ" ಅಂದೆ. ಆಮೇಲೆ ಎರಡು ತಿಂಗಳು ಬಿಡುವಾದಾಗಲೆಲ್ಲಾ ಓದಿದ್ದು, ಇವರನ್ನು ಅವರನ್ನು ಕೇಳಿದ್ದು, ಎಲ್ಲಾ ಸೇರಿ ಇಷ್ಟಾಯ್ತು.

ಮೊದಲು ಹುಡುಗನ ಬಗ್ಗೆ. ಔರಾದಿನವನು, ಭಾಲ್ಕಿಯಲ್ಲಿ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಾನೆ. ಅವರಪ್ಪ, ಅಂದರೆ ನನ್ನ ಚಿಕ್ಕಪ್ಪ, ಪೇಂಟರ್. ಗೋಡೆ ಮೇಲೆ ಸಿಮೆಂಟು, ಬೀಜ, ಗೊಬ್ಬರ, ಹಲ್ಲುಪುಡಿಯ ಜಾಹೀರಾತು ಬರೆಯುತ್ತಿದ್ದವರು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಬರೆಯುತ್ತಾರೆ. ಉರ್ದು ಮಾತ್ರ ಬಲದಿಂದ ಎಡಕ್ಕಲ್ಲವೇ, ಕೈ ಉಜ್ಜಿ ಬಣ್ಣ ಕೆಡಬಾರದು ಅಂತ ಕೋಲು ಊರಿಕೊಂಡು ಬರೆಯುವುದನ್ನು ನಾನು ಚಿಕ್ಕಂದಿನಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಫ್ಲೆಕ್ಸ್ ಬಂತು, ಅವರ ಕುಂಚ ಮೂಲೆ ಸೇರಿತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು. ಆ ನಿಷೇಧ ಎಷ್ಟರಮಟ್ಟಿಗೆ ನಡೆದಿದೆ ಅನ್ನೋದನ್ನ ಯಾವುದೇ ಬಸ್‌ಸ್ಟ್ಯಾಂಡ್ ಎದುರು ನಿಂತು ನೋಡಿ! ಅಪ್ಪನ ಕೆಲಸ ತಿಂದ ಯಂತ್ರದ ಮುಂದೆಯೇ ಈಗ ಮಗ ಕೂತಿದ್ದಾನೆ, ಅವನ ಕೆಲಸವನ್ನು ಮೊಬೈಲ್ ಆಪ್ ತಿನ್ನುತ್ತಿದೆ. ಹಾಗಾಗಿ ಅವನ ಪ್ರಶ್ನೆ ಹವ್ಯಾಸದ್ದಲ್ಲ.

ನಮ್ಮ ಜಿಲ್ಲೆಯಲ್ಲಿ ಬೋರ್ಡು ಅಂದರೆ ನೆನಪಾಗುವುದು ಒಂದೇ ಕತೆ. ಆಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಶಾಲೆಯ ಮಾಧ್ಯಮ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಅವರ ಹುಟ್ಟೂರು ಕಮಲನಗರ, ಮೊನ್ನೆ ಮೊನ್ನೆವರೆಗೂ ಔರಾದ್ ತಾಲೂಕಿನಲ್ಲೇ ಇದ್ದ ಊರು. ಬೀದರಿನ ಮಕ್ಕಳೆಲ್ಲಾ ಕೇಳಿ ಬೆಳೆದ ಕತೆ ಇದು. ಜಾಹೀರಾತಿನ ಲೆಕ್ಕದಲ್ಲಿ ನೋಡಿದರೆ ಇದು ತಿರುವು ಮುರುವು. ಬೋರ್ಡು ಸಾಮಾನ್ಯವಾಗಿ ಒಳಗಿರುವುದನ್ನು ಕೂಗಿ ಹೇಳುತ್ತದೆ, ಇಲ್ಲಿ ಒಳಗಿರುವುದನ್ನು ಕಾಪಾಡಿತು. ಯಾರು ಓದುತ್ತಾರೆ, ಓದಿ ಏನಂದುಕೊಳ್ಳುತ್ತಾರೆ ಅನ್ನೋದು ಆ ಸ್ವಾಮಿಗಳಿಗೆ ಚೆನ್ನಾಗಿ ಗೊತ್ತಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರಲ್ಲಿ ಬೀದರ್ ಜಿಲ್ಲೆಯನ್ನೇ ಹರಿದು ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಕಡೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೆ ಹೋದವು. ಚಿಕ್ಕಪ್ಪನಿಗೆ ನಾಲ್ಕು ಲಿಪಿ ಯಾಕೆ ಬೇಕಾಯಿತು ಅನ್ನೋದಕ್ಕೆ ಬೇರೆ ಕಾರಣ ಬೇಡ.

ಈಗ ರೇಡಿಯೋ. ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾಗಿದ್ದಾಗ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಜಾಗ ಇಲ್ಲದಂತಾಯಿತು. ಜನ ರೇಡಿಯೋ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. 1952ರ ಡಿಸೆಂಬರಿನಲ್ಲಿ ಅಲ್ಲಿ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಬಿನಾಕಾ ಅಂದರೆ ಸಿಬಾ ಕಂಪನಿಯ ಟೂತ್‌ಪೇಸ್ಟ್. ಹಾಡು ನೆಪ, ಪೇಸ್ಟು ಮಾರುವುದೇ ಅಸಲು. ಬರೆಯುವುದು, ತಯಾರಿಸುವುದು, ಮಾತಾಡುವುದು, ಬಂದ ಕಾಗದ ಎಣಿಸುವುದು, ಇಷ್ಟಕ್ಕೂ ಸೇರಿ ವಾರಕ್ಕೆ 25 ರೂಪಾಯಿ. ಅನುಭವಸ್ಥರು ಒಲ್ಲೆ ಅಂದ ಕೆಲಸ. ಒಪ್ಪಿಕೊಂಡವನು ಇಪ್ಪತ್ತರ ಹುಡುಗ ಅಮೀನ್ ಸಯಾನಿ. ಮುಂಬೈಯಲ್ಲಿ ಧ್ವನಿಮುದ್ರಣ ಮಾಡಿ ಟೇಪು ಕೊಲಂಬೊಗೆ ಕಳಿಸುತ್ತಿದ್ದರು.

ಸಯಾನಿಯವರ ಕತೆಯಲ್ಲಿ ನನಗೆ ಹಿಡಿಸಿದ್ದು ಅವರ ದನಿಯಲ್ಲ, ಅವರ ತಾಯಿ. ಕುಲ್ಸುಮ್ ಸಯಾನಿ ಹೊಸದಾಗಿ ಅಕ್ಷರ ಕಲಿತವರಿಗಾಗಿ 'ರಹಬರ್' ಅನ್ನೋ ಪತ್ರಿಕೆ ನಡೆಸುತ್ತಿದ್ದರು. ಭಾಷೆ ಒಂದೇ, ಸರಳ ಹಿಂದೂಸ್ತಾನಿ, ಲಿಪಿ ಮಾತ್ರ ಮೂರು: ನಾಗರಿ, ಉರ್ದು, ಗುಜರಾತಿ. ಮಗ ಆ ಪತ್ರಿಕೆಗೆ ಕೈಜೋಡಿಸಿ ಬೆಳೆದವರು. ಎಲ್ಲರಿಗೂ ತಿಳಿಯುವ ಹಾಗೆ ಮಾತಾಡುವುದನ್ನು ಅವರಿಗೆ ಯಾವ ಕಾಲೇಜೂ ಕಲಿಸಲಿಲ್ಲ, ಮನೆ ಕಲಿಸಿತು. (ಇದನ್ನು ಫೋನಿನಲ್ಲಿ ಹೇಳಿದಾಗ ಚಿಕ್ಕಪ್ಪ, "ಮೂರೇ ಏನು? ನಂದು ನಾಕು!" ಅಂದರು.) 1967ರ ನವೆಂಬರ್‌ನಲ್ಲಿ ವಿವಿಧ ಭಾರತಿಯೇ ಜಾಹೀರಾತು ತೆಗೆದುಕೊಳ್ಳತೊಡಗಿತು, 1976ರ ಜನವರಿಯಲ್ಲಿ ದೂರದರ್ಶನ. ಸಯಾನಿ 2024ರಲ್ಲಿ ತೀರಿಕೊಂಡರು.

ಇನ್ನೊಬ್ಬರು ಪೀಯೂಷ್ ಪಾಂಡೆ. ರಾಜಸ್ಥಾನಕ್ಕೆ ರಣಜಿ ಆಡಿದವರು, ಚಹಾ ರುಚಿ ನೋಡುವ ಕೆಲಸ ಮಾಡಿದವರು. 1982ರಲ್ಲಿ ಓಗಿಲ್ವಿ ಸೇರಿದ್ದು ಬರೆಯುವುದಕ್ಕಲ್ಲ, ಗಿರಾಕಿಗಳ ಜೊತೆ ವ್ಯವಹರಿಸುವುದಕ್ಕೆ. ಇಂಗ್ಲಿಷಿನಲ್ಲಿ ಯೋಚಿಸಿ ಹಿಂದಿಗೆ ತರ್ಜುಮೆ ಮಾಡುತ್ತಿದ್ದ ಕಾಲದಲ್ಲಿ ಈ ಮನುಷ್ಯ ಹಿಂದಿಯಲ್ಲೇ ಯೋಚಿಸಿದ. 1988ರ 'ಮಿಲೇ ಸುರ್ ಮೇರಾ ತುಮ್ಹಾರಾ' ಹಾಡಿನ ಹಿಂದಿ ಸಾಹಿತ್ಯ ಅವರದು. ಆ ಹಾಡಿನ ಹಿಂದೆ ಎಷ್ಟು ಕೈಗಳಿವೆ ನೋಡಿ: ಕಲ್ಪನೆ ಸುರೇಶ್ ಮಲ್ಲಿಕ್, ಚಿತ್ರೀಕರಣ ಕೈಲಾಶ್ ಸುರೇಂದ್ರನಾಥ್, ವಾದ್ಯ ಸಂಯೋಜನೆಯಲ್ಲಿ ಅಶೋಕ್ ಪತ್ಕಿ, ಲೂಯಿ ಬ್ಯಾಂಕ್ಸ್, ಮೊದಲ ದನಿ ನಮ್ಮ ಗದಗಿನ ಭೀಮಸೇನ ಜೋಶಿ. ಪಾಂಡೆ 2025ರ ಅಕ್ಟೋಬರಿನಲ್ಲಿ ಹೋದರು.

ಬೆಂಗಳೂರಿನ ಕತೆ ಬೇಕಲ್ಲ? ಅದೂ ಇದೆ. ಪ್ರಕಾಶ್ ವರ್ಮ, ಕೇರಳದ ಹುಡುಗ, ವಿ.ಕೆ. ಪ್ರಕಾಶ್ ಅವರ ಹತ್ತಿರ ಸಹಾಯಕನಾಗಿದ್ದು ಕೆಲಸ ಕಲಿತವರು. 2001ರಲ್ಲಿ ಸ್ನೇಹಾ ಐಪ್ ಜೊತೆ ಸೇರಿ ಬೆಂಗಳೂರಿನಲ್ಲಿ ನಿರ್ವಾಣ ಫಿಲ್ಮ್ಸ್ ಕಟ್ಟಿದರು. ಹುಡುಗನ ಹಿಂದೆ ಹಿಂದೆ ಹೋಗುವ ಹಚ್ ನಾಯಿ ಅವರದೇ, 2009ರ ಐಪಿಎಲ್ ವೇಳೆ ಬಂದ ವೊಡಾಫೋನ್ ಝೂಝೂ ಕೂಡ. ಝೂಝೂ ಕಂಪ್ಯೂಟರ್ ಗೊಂಬೆ ಅಂತ ನಾನು ತುಂಬಾ ವರ್ಷ ನಂಬಿದ್ದೆ (ಇಂಜಿನಿಯರ್ ಬುದ್ಧಿ!). ಅಲ್ಲ ಮಾರಾಯ್ರೆ, ದಿರಿಸಿನೊಳಗೆ ಜನ ಇದ್ದರು. ಸಣ್ಣ ಮೈಕಟ್ಟಿನ ಕಲಾವಿದರನ್ನು ಆರಿಸಿ, ಕೇಪ್‌ಟೌನಿನಲ್ಲಿ ಚಿತ್ರೀಕರಿಸಿ, ನಡಿಗೆ ಗೊಂಬೆಯಂತೆ ಕಾಣಲಿ ಅಂತ ಕ್ಯಾಮೆರಾ ವೇಗ ಇಳಿಸಿ, ಸುಮಾರು 30 ಪುಟ್ಟ ಕತೆ ಮಾಡಿದರು. ಮಾತೇ ಇಲ್ಲದ ಕತೆಗಳು, ಹಾಗಾಗಿ ಔರಾದಿನಲ್ಲೂ ನಡೆದವು. ಕಲ್ಪನೆ ಓಗಿಲ್ವಿಯ ರಾಜೀವ್ ರಾವ್ ಅವರದು. ಅದೇ ವರ್ಮ 2025ರಲ್ಲಿ 'ತುಡರುಂ' ಮಲಯಾಳಂ ಚಿತ್ರದಲ್ಲಿ ಖಳನಾಗಿ ಬಂದು ಜನರನ್ನು ಬೆಚ್ಚಿ ಬೀಳಿಸಿದರು.

ಏಜೆನ್ಸಿ, ಪ್ರೊಡಕ್ಷನ್ ಹೌಸ್ ಅಂತ ನಾನು ತಮ್ಮನಿಗೆ ವಿವರಿಸುವಾಗ ಅವನು ತಲೆ ಕೆರೆದುಕೊಂಡ. ಕೊನೆಗೆ ಬಿದರಿ ಕೆಲಸದ ಉದಾಹರಣೆ ಕೊಟ್ಟೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವವನು ಒಬ್ಬ, ಉಜ್ಜಿ ನಯ ಮಾಡುವವನು ಇನ್ನೊಬ್ಬ. ಮೈಲುತುತ್ತದ ನೀರು ಸವರಿ ಕಪ್ಪು ಮಾಡಿ ಅದರ ಮೇಲೆ ಗೀರಿ ಚಿತ್ರ ಬರೆಯುವವನು ಬೇರೆ, ಗೆರೆ ಕೆತ್ತಿ ಬೆಳ್ಳಿ ತಂತಿ ಕೂಡಿಸುವವನು ಬೇರೆ. ಕಟ್ಟಕಡೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಹಾಕಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಚಿತ್ರ ಬರೆಯುವವನು ಏಜೆನ್ಸಿ, ಎರಕದಿಂದ ಹೊಳಪಿನವರೆಗೆ ಪ್ರೊಡಕ್ಷನ್. ಹೂಜಿಯ ಮೇಲೆ ಸಾಮಾನ್ಯವಾಗಿ ಯಾರ ಹೆಸರೂ ಇರುವುದಿಲ್ಲ, ಟಿವಿ ಜಾಹೀರಾತಿನ ಕೊನೆಯಲ್ಲೂ ಅಷ್ಟೇ. ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಹಿಗ್ಗಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಏನು ಓದಬೇಕು? ಮೇಲಿನ ಮೂವರ ಕತೆಯಲ್ಲಿ ಜಾಹೀರಾತಿನ ಡಿಗ್ರಿ ನನಗೆ ಸಿಗಲಿಲ್ಲ. ಸಿಕ್ಕಿದ್ದು ಕಮ್ಮಿ ಸಂಬಳ, ಇನ್ನೊಬ್ಬರ ಕೈಕೆಳಗಿನ ವರ್ಷಗಳು, ಮತ್ತೆ ತಮ್ಮ ಭಾಷೆಯ ಮೇಲಿನ ಹಿಡಿತ. ಕನ್ನಡ ಜಾಹೀರಾತುಗಳು ಎಷ್ಟೋ ಸಲ ಹಿಂದಿಯವನು ಕನ್ನಡ ಓದಿದ ಹಾಗೆ ಕೇಳಿಸುತ್ತವೆ, ತುಟಿ ಒಂದು ಕಡೆ, ಮಾತು ಒಂದು ಕಡೆ. ಇನ್ನು ಬೀದರಿನ ಕನ್ನಡವಂತೂ ಹಾಸ್ಯದ ಪಾತ್ರಕ್ಕೆ ಬಿಟ್ಟರೆ ಕೇಳಿದ ನೆನಪೇ ನನಗಿಲ್ಲ. ಅಲ್ಲಿ ಇವನಿಗೆ ಜಾಗ ಇದೆ ಅಂತ ನನಗನ್ನಿಸುತ್ತದೆ. ಆದರೆ ಬಾಡಿಗೆ, ಊಟ, ಮೊದಲ ಎರಡು ವರ್ಷ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನನ್ನ ರೂಮಿನಲ್ಲಿ ಒಂದು ಹಾಸಿಗೆ ಇದೆ ಅಷ್ಟೇ. ಚಿಕ್ಕಪ್ಪ ಇನ್ನೂ "ಕೆಪಿಎಸ್‌ಸಿ ಕಟ್ಟು" ಅಂತಲೇ ಇದ್ದಾರೆ.

ಮೊನ್ನೆ ಭಾನುವಾರ ತಮ್ಮ ವಾಟ್ಸಾಪಿನಲ್ಲಿ ಒಂದು ಪುಟ ಕಳಿಸಿದ. ಭಾಲ್ಕಿಯ ಒಂದು ಚಪ್ಪಲಿ ಅಂಗಡಿಗೆ 30 ಸೆಕೆಂಡಿನ ಕತೆ. ಮುದುಕ ಪೇಂಟರ್ ಒಬ್ಬ ಏಣಿ ಹತ್ತುವ ಮುಂಚೆ ಹಳೇ ಚಪ್ಪಲಿ ಕೆಳಗೆ ಬಿಡುತ್ತಾನೆ, ಇಳಿಯುವಷ್ಟರಲ್ಲಿ ಅಲ್ಲಿ ಹೊಸದು ಇರುತ್ತದೆ. ಮಾತು ಒಂದೇ ಒಂದು, ಅದೂ ಚಿಕ್ಕಪ್ಪ ಮನೆಯಲ್ಲಿ ಬೈಯುವ ಧಾಟಿಯಲ್ಲೇ. "ಮುದುಕನ ಪಾರ್ಟು ಯಾರದು?" ಅಂತ ಕೇಳಿದೆ. "ಅಪ್ಪ ಹೂಂ ಅಂದಾನ, ಖರೇ ಬೋರ್ಡಿನ ಅಕ್ಷರ ತಾನೇ ಬರೀತಾನಂತ" ಅಂದ.